ಮೂಕಿ ಚಿತ್ರಕ್ಕೆ ಕನ್ನಡ ಬರೆದ ಅನುಭವ: 1915ರ 'ದಿ ಚೀಟ್'

ಮೂಕಿ ಚಿತ್ರಕ್ಕೆ ಭಾಷೆಯ ತೊಡಕಿಲ್ಲವೆಂದು ಬಹಳ ಕಾಲ ನಾನೂ ನಂಬಿದ್ದೆ. ಸೆಸಿಲ್ ಬಿ. ಡಿಮಿಲ್ ನಿರ್ದೇಶಿಸಿ, ಪ್ಯಾರಮೌಂಟ್ ಸಂಸ್ಥೆ 1915ರ ಡಿಸೆಂಬರ್‌ನಲ್ಲಿ ಬಿಡುಗಡೆ ಮಾಡಿದ 'ದಿ ಚೀಟ್' ಎಂಬ ಅಮೆರಿಕದ ಚಿತ್ರವನ್ನು ನಮ್ಮ ಊರಿನ ಚಿತ್ರ ಸಮಾಜದಲ್ಲಿ ತೋರಿಸಬೇಕೆಂದಾಗ, ಅದರ ಟೈಟಲ್ ಕಾರ್ಡುಗಳನ್ನು, ಅಂದರೆ ದೃಶ್ಯಗಳ ನಡುವೆ ಮಾತನ್ನೂ ಕಥೆಯನ್ನೂ ಬರೆದು ತೋರಿಸುವ ಫಲಕಗಳನ್ನು, ಕನ್ನಡಕ್ಕೆ ತರುವ ಕೆಲಸವನ್ನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳುವವನೆಂಬ ಕಾರಣಕ್ಕೆ ನನಗೆ ಹಚ್ಚಿದರು. ಒಂದು ಗಂಟೆಗೂ ಒಂದು ನಿಮಿಷ ಕಡಿಮೆಯ ಚಿತ್ರ. ಕಾರ್ಡುಗಳಲ್ಲಿರುವುದು ಎರಡು ಮೂರು ಸಾಲು. ಒಂದು ಭಾನುವಾರದ ಮಧ್ಯಾಹ್ನ ಸಾಕೆಂದು ಲೆಕ್ಕ ಹಾಕಿದ್ದೆ. ಮೂರು ತಿಂಗಳು ಹಿಡಿಯಿತು. ಅದರಲ್ಲಿ ಇಂಗ್ಲಿಷ್ ಪದಗಳ ಅರ್ಥ ಹುಡುಕಲು ಹೋದದ್ದು ಒಂದು ದಿನವೂ ಇರಲಿಕ್ಕಿಲ್ಲ. ಉಳಿದದ್ದೆಲ್ಲ ಹೋದದ್ದು ಯಾರು ಯಾರಿಗೆ 'ನೀನು' ಅನ್ನಬೇಕು, ಯಾರು ಯಾರಿಗೆ 'ನೀವು' ಅನ್ನಬೇಕು ಎಂಬುದಕ್ಕೆ.

ಚಿತ್ರವನ್ನು ನೋಡದವರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳುತ್ತೇನೆ. ನ್ಯೂಯಾರ್ಕ್ ಬಳಿಯ ಸಿರಿವಂತ ಬಡಾವಣೆಯಲ್ಲಿ ಈಡಿತ್ ಹಾರ್ಡಿ ಎಂಬ ಗೃಹಿಣಿಯಿದ್ದಾಳೆ. ಗಂಡ ರಿಚರ್ಡ್ ತನ್ನ ಹಣವನ್ನೆಲ್ಲ ಷೇರಿನಲ್ಲಿ ಹಾಕಿರುವುದರಿಂದ ಸದ್ಯಕ್ಕೆ ಕೈಹಿಡಿದು ಖರ್ಚು ಮಾಡು ಎನ್ನುತ್ತಾನೆ. ಅವಳಿಗೆ ಅದು ಆಗದ ಮಾತು. ಯುದ್ಧದಿಂದ ನೆಲೆ ತಪ್ಪಿದ ಬೆಲ್ಜಿಯಂ ಜನರಿಗಾಗಿ ರೆಡ್ ಕ್ರಾಸ್ ಸಂಗ್ರಹಿಸಿದ ಹತ್ತು ಸಾವಿರ ಡಾಲರಿಗೆ ಅವಳೇ ಖಜಾಂಚಿ. ತಾಮ್ರದ ಷೇರಿನಲ್ಲಿ ಹಾಕಿದರೆ ಒಂದೇ ದಿನದಲ್ಲಿ ದುಪ್ಪಟ್ಟಾಗುತ್ತದೆ ಎಂಬ ಪರಿಚಿತನ ಮಾತು ಕೇಳಿ ಆ ಹಣವನ್ನು ತೊಡಗಿಸಿ ಕಳೆದುಕೊಳ್ಳುತ್ತಾಳೆ. ನೆರೆಯ ದಂತದ ವ್ಯಾಪಾರಿ ಆ ಮೊತ್ತಕ್ಕೆ ಚೆಕ್ ಬರೆದುಕೊಡುತ್ತಾನೆ. ಬದಲಿಗೆ ಅವಳನ್ನೇ ಕೇಳುತ್ತಾನೆ. ಅಷ್ಟರಲ್ಲಿ ಗಂಡನ ಷೇರು ಏರುತ್ತದೆ. ಇಸ್ಪೀಟಿನಲ್ಲಿ ಸೋತೆನೆಂದು ಸುಳ್ಳು ಹೇಳಿ ಅವನಿಂದ ಹತ್ತು ಸಾವಿರ ಪಡೆದು ಸಾಲ ತೀರಿಸಲು ರಾತ್ರಿ ಹೋದರೆ, ವ್ಯಾಪಾರಿ ಹಣವನ್ನು ಒಪ್ಪುವುದಿಲ್ಲ. ತನ್ನ ಸೊತ್ತುಗಳಿಗೆಲ್ಲ ಒತ್ತುವ ಕಾಯಿಸಿದ ಮುದ್ರೆಯನ್ನು ಅವಳ ಭುಜಕ್ಕೆ ಒತ್ತುತ್ತಾನೆ. ಅವಳು ಅವನ ಮೇಲೆ ಗುಂಡು ಹಾರಿಸುತ್ತಾಳೆ, ಗಂಡ ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುತ್ತಾನೆ, ಮೊಕದ್ದಮೆ ನಡೆಯುತ್ತದೆ.

ಹತ್ತು ಸಾವಿರ ಡಾಲರ್ ಎಂದರೆ ನಮ್ಮ ಲೆಕ್ಕದಲ್ಲಿ ಎಷ್ಟು ಎಂದು ಪ್ರತಿ ಪ್ರದರ್ಶನದಲ್ಲೂ ಯಾರಾದರೂ ಕೇಳುತ್ತಾರೆ. ರೂಪಾಯಿಗೆ ಪರಿವರ್ತಿಸಿ ಹೇಳುವುದನ್ನು ನಾನು ಬಿಟ್ಟಿದ್ದೇನೆ. ಈ ಇಡೀ ಚಿತ್ರಕ್ಕೆ ತಗುಲಿದ ಖರ್ಚು 17 ಸಾವಿರ ಡಾಲರ್ ಚಿಲ್ಲರೆ, ಅಂದರೆ ಈಡಿತ್ ಕಳೆದ ಹಣದಲ್ಲಿ ಅರ್ಧಕ್ಕೂ ಹೆಚ್ಚು ಚಿತ್ರವನ್ನು ತೆಗೆಯಬಹುದಾಗಿತ್ತು ಎನ್ನುತ್ತೇನೆ; ಜನರಿಗೆ ತಟ್ಟನೆ ತಿಳಿಯುತ್ತದೆ.

ಕೆಲಸದ ಮೊದಲ ಪಾಠ ಯಂತ್ರದಿಂದಲೇ ಬಂತು. ಚಿತ್ರ ಹಳೆಯದಾದ್ದರಿಂದ ಹಕ್ಕುಸ್ವಾಮ್ಯದ ಅವಧಿ ಮುಗಿದಿದೆ, ಅಂತರ್ಜಾಲದಲ್ಲಿ ಧಾರಾಳವಾಗಿ ಸಿಗುತ್ತದೆ. ನಾನು ಒಂದು ಪ್ರತಿಯನ್ನು ಇಳಿಸಿಕೊಂಡು, ಪ್ರತಿ ಕಾರ್ಡು ಬರುವ ಮತ್ತು ಹೋಗುವ ಸಮಯವನ್ನು ಉಪಶೀರ್ಷಿಕೆಯ ತಂತ್ರಾಂಶದಲ್ಲಿ ಗುರುತು ಹಾಕಿಕೊಂಡು, ಎರಡು ವಾರದ ಸಂಜೆಗಳನ್ನು ಕಳೆದೆ. ಆಮೇಲೆ ನಮ್ಮ ಸಮಾಜದ ಗೆಳೆಯರೊಬ್ಬರು ಇನ್ನೂ ಸ್ವಚ್ಛವಾದ ಪ್ರತಿಯನ್ನು ತಂದರು. ನನ್ನ ಬರಹವನ್ನು ಅದಕ್ಕೆ ಜೋಡಿಸಿದರೆ ಮೊದಲ ಐದು ನಿಮಿಷ ಸರಿಯಾಗಿಯೇ ಇತ್ತು. ಹತ್ತನೆಯ ನಿಮಿಷಕ್ಕೆ ಕನ್ನಡ ಒಂದು ಹೆಜ್ಜೆ ಹಿಂದೆ. ನ್ಯಾಯಾಲಯದ ದೃಶ್ಯಕ್ಕೆ ಬರುವಷ್ಟರಲ್ಲಿ ಹೆಂಡತಿಯ ಮಾತು ನ್ಯಾಯಾಧೀಶರ ಬಾಯಲ್ಲಿ. ಆ ಕಾಲದ ಕ್ಯಾಮೆರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು, ಪ್ರೊಜೆಕ್ಟರಿನ ವೇಗಕ್ಕೂ ಎಲ್ಲೆಡೆ ಒಂದೇ ಕಟ್ಟಳೆ ಇರಲಿಲ್ಲ. ಹೀಗಾಗಿ ಇಂದು ಪ್ರತಿ ತಯಾರಿಸುವವರು ಸೆಕೆಂಡಿಗೆ ಇಷ್ಟು ಚೌಕಟ್ಟು ಎಂದು ತಮಗೆ ಸರಿಕಂಡ ಅಂದಾಜಿನಲ್ಲಿ ಓಡಿಸುತ್ತಾರೆ. ಯಾವ ಪ್ರತಿಯನ್ನು ತೋರಿಸುತ್ತೇವೆ ಎಂಬುದು ಗಟ್ಟಿಯಾಗುವ ಮುನ್ನ ಒಂದು ಅಕ್ಷರವನ್ನೂ ಕೂರಿಸಬಾರದು.

ಎರಡನೆಯದು ಒತ್ತಕ್ಷರದ ಗೋಳು. ಮನೆಯ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಂಡದ್ದು ಸಭಾಂಗಣದ ಲ್ಯಾಪ್‌ಟಾಪಿನಲ್ಲಿ ಚೂರುಚೂರಾಯಿತು: 'ಪ್ರಶ್ನೆ' ಎಂಬಲ್ಲಿ ಒತ್ತುಗಳು ಕಳಚಿ ಅರ್ಧಾಕ್ಷರಗಳು ಸಾಲಾಗಿ ನಿಂತವು, 'ಅರ್ಥ'ದ ಅರ್ಕಾವತ್ತು ಎಲ್ಲೋ ಹೋಯಿತು. ಕನ್ನಡದ ಅಕ್ಷರ ಜೋಡಣೆಯನ್ನು ಅರಿಯದ ಪ್ಲೇಯರುಗಳು ಇನ್ನೂ ಇವೆ. ಅಂದಿನಿಂದ ನಾನು ಕನ್ನಡ ಕಾರ್ಡುಗಳನ್ನು ಚಿತ್ರಗಳಂತೆ ಪ್ರತ್ಯೇಕವಾಗಿ ತಯಾರಿಸಿ, ಇಂಗ್ಲಿಷ್ ಕಾರ್ಡು ಇದ್ದ ಜಾಗದಲ್ಲೇ ಅಷ್ಟೇ ಹೊತ್ತು ನಿಲ್ಲುವಂತೆ ವಿಡಿಯೋದೊಳಗೇ ಸೇರಿಸಿಬಿಡುತ್ತೇನೆ. ಕಪ್ಪು ನೆಲದ ಮೇಲೆ ಬಿಳಿ ಅಕ್ಷರ, ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವುದಕ್ಕಿಂತ ಒಂದೂವರೆ ಪಟ್ಟು ಜಾಗ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ.

ಅಷ್ಟೇ ಹೊತ್ತು ಎಂಬುದರಲ್ಲಿಯೂ ಒಂದು ಸಂಕಟವಿದೆ. ಮೂವತ್ತೈದು ಮಿಲಿಮೀಟರಿನ ಫಿಲ್ಮಿನಲ್ಲಿ ಒಂದು ಅಡಿಗೆ 16 ಚೌಕಟ್ಟು. ಸೆಕೆಂಡಿಗೆ 16ರಂತೆ ಓಡಿಸಿದರೆ ಒಂದು ಅಡಿ ಎಂದರೆ ಒಂದು ಸೆಕೆಂಡು. ಪದಕ್ಕೊಂದು ಅಡಿ ಎಂಬುದು ಅಂದಿನ ಕಾರ್ಡು ಬರೆಯುವವರ ಸುಲಭ ಲೆಕ್ಕ. ಕನ್ನಡಕ್ಕೆ ಈ ಲೆಕ್ಕ ಹೊಂದುವುದಿಲ್ಲ. ಇಂಗ್ಲಿಷಿನ ಆರು ಪದ ನಮ್ಮಲ್ಲಿ ಎರಡಾಗಬಹುದು, ಆದರೆ ಆ ಎರಡು 'ಹಿಂದಿರುಗಿಸಲಾರೆನೆಂದು ಹೇಳಿಬಿಟ್ಟಿದ್ದಾನೆ' ಎಂಬಷ್ಟು ಉದ್ದವಿರುತ್ತವೆ. ಕೊನೆಗೆ ಪದಗಳನ್ನು ಎಣಿಸುವುದನ್ನು ಬಿಟ್ಟು, ನಾಲ್ಕನೆಯ ತರಗತಿ ಓದುವ ನನ್ನ ಅಣ್ಣನ ಮಗಳ ಕೈಯಲ್ಲಿ ಪ್ರತಿ ಕಾರ್ಡನ್ನೂ ಗಟ್ಟಿಯಾಗಿ ಓದಿಸಿದೆ. ಅವಳು ಓದಿ ಮುಗಿಸಿ ತಲೆಯೆತ್ತುವುದರೊಳಗೆ ಕಾರ್ಡು ಹೋಗಿದ್ದರೆ ಆ ಸಾಲನ್ನು ಕತ್ತರಿಸಲೇಬೇಕು.

ಈಗ ಮುಖ್ಯ ವಿಷಯ. ನೆರೆಯ ವ್ಯಾಪಾರಿಯ ಪಾತ್ರ ಮಾಡಿದವನು ಸೆಸ್ಯೂ ಹಯಕಾವ, ಜಪಾನಿನ ಚಿಬಾ ಪ್ರಾಂತದಿಂದ ಬಂದ ನಟ. ಬಹಳ ವರ್ಷಗಳ ಮೇಲೆ, 1957ರಲ್ಲಿ, 'ದಿ ಬ್ರಿಜ್ ಆನ್ ದ ರಿವರ್ ಕ್ವಾಯ್' ಚಿತ್ರದ ಸೇನಾಧಿಕಾರಿಯಾಗಿ ಆಸ್ಕರ್ ನಾಮನಿರ್ದೇಶನ ಪಡೆದವನು ಇವನೇ. 1915ರಲ್ಲಿ ಚಿತ್ರ ಹೊರಬಂದಾಗ ಪಾತ್ರದ ಹೆಸರು ಹಿಶುರು ತೋರಿ, ಜಪಾನೀಯ. ಲಾಸ್ ಏಂಜಲಿಸ್‌ನ ಜಪಾನೀ ಸಮುದಾಯವೂ ಅವರ ಪತ್ರಿಕೆ 'ರಾಫು ಶಿಂಪೋ'ವೂ ಇದನ್ನು ಬಲವಾಗಿ ವಿರೋಧಿಸಿದವು. ವಿರೋಧಕ್ಕೆ ಕಾರಣವಿತ್ತು, ಎರಡೇ ವರ್ಷ ಹಿಂದೆ, 1913ರಲ್ಲಿ, ಜಪಾನಿನ ವಲಸಿಗರು ಕೃಷಿಭೂಮಿ ಕೊಳ್ಳದಂತೆ ಕ್ಯಾಲಿಫೋರ್ನಿಯಾ ಕಾನೂನು ಮಾಡಿತ್ತು. 1918ರಲ್ಲಿ ಚಿತ್ರವನ್ನು ಮತ್ತೆ ಬಿಡುಗಡೆ ಮಾಡುವ ಹೊತ್ತಿಗೆ ಜಪಾನು ಮಹಾಯುದ್ಧದಲ್ಲಿ ಅಮೆರಿಕದ ಜೊತೆಗಾರ ದೇಶವಾಗಿತ್ತು. ಆಗ ನಿರ್ಮಾಪಕರು ಮಾಡಿದ ಉಪಾಯ ಎಷ್ಟು ಅಗ್ಗದ್ದೆಂದರೆ, ಕಾರ್ಡುಗಳನ್ನಷ್ಟೇ ಬದಲಿಸಿ ಅವನನ್ನು ಬರ್ಮಾ ದೇಶದ ದಂತದ ದೊರೆ ಹಾಕಾ ಅರಕಾವ್ ಎಂದು ಮಾಡಿದರು. ಇಂದು ನಮಗೆ ಉಳಿದಿರುವುದು ಆ 1918ರ ರೂಪವೇ. ಹೀಗಾಗಿ ಕಾರ್ಡು ಬರ್ಮಾ ಎನ್ನುತ್ತದೆ. ಮನೆಯ ಕಾಗದದ ಜಾರುಬಾಗಿಲು, ತೊಟ್ಟ ನಿಲುವಂಗಿ, ಅಂಗಳ ಎಲ್ಲವೂ ಜಪಾನ್ ಎನ್ನುತ್ತವೆ.

ನಾನು ಯಾವ ಹೆಸರು ಬರೆಯಬೇಕು? ಸಮಾಜದ ಕಿರಿಯರು ಮೂಲಕ್ಕೆ ಮರಳಿ ತೋರಿ ಎಂದೇ ಬರೆಯಿರಿ, ಅದೇ ನಿಜ ಎಂದರು. ಮೊದಲು ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಒಂದು ಜನ ಎದ್ದು ನಿಂತು ಆಕ್ಷೇಪಿಸಿದ್ದಕ್ಕೆ, ಆಕ್ಷೇಪಿಸುವ ಶಕ್ತಿಯಿಲ್ಲದ ಇನ್ನೊಂದು ಜನದ ತಲೆಗೆ ಅದನ್ನು ಕಟ್ಟಿದ ಸಂಗತಿ ಆ ಬದಲಾದ ಹೆಸರಿನಲ್ಲಿಯೇ ಇದೆ. ಅಲ್ಲದೆ 1918ರಲ್ಲಿ ಬರ್ಮಾ ಬ್ರಿಟಿಷ್ ಇಂಡಿಯಾದ ಒಂದು ಪ್ರಾಂತ. 1937ರವರೆಗೂ ಹಾಗೆಯೇ ಇತ್ತು. ಲೆಕ್ಕಕ್ಕೆ ಅರಕಾವ್ ನಮ್ಮಂತೆಯೇ ಅದೇ ಸರ್ಕಾರದ ಪ್ರಜೆ. ಆದ್ದರಿಂದ ಕಾರ್ಡಿನಲ್ಲಿ ಅರಕಾವ್ ಎಂದೇ ಉಳಿಸಿಕೊಂಡು, ಚಿತ್ರ ಶುರುವಾಗುವ ಮುನ್ನ ಎರಡು ನಿಮಿಷ ನಿಂತು ತೋರಿಯ ಸಂಗತಿಯನ್ನು ಬಾಯಲ್ಲಿ ಹೇಳುವುದೆಂದು ನಿರ್ಧರಿಸಿದೆ. ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರು ಊರಿನವರಿಗೆ ಜಗತ್ತಿನ ಚಿತ್ರಗಳನ್ನು ತೋರಿಸಿದ ಕಥೆ ಕೇಳಿ ಬೆಳೆದವರು ನಾವು. ಚಿತ್ರದ ಮುಂದೆ ನಿಂತು ನಾಲ್ಕು ಮಾತು ಹೇಳುವುದು ನಮ್ಮ ಕಡೆ ಯಾರಿಗೂ ವಿಚಿತ್ರವಲ್ಲ.

ಸರ್ವನಾಮದ ಪ್ರಶ್ನೆ ಇಷ್ಟು ಸುಲಭವಾಗಿ ಇತ್ಯರ್ಥವಾಗಲಿಲ್ಲ. ಇಂಗ್ಲಿಷಿನಲ್ಲಿ ಗಂಡ, ಹೆಂಡತಿ, ವ್ಯಾಪಾರಿ, ನ್ಯಾಯಾಧೀಶ ಎಲ್ಲರೂ ಎಲ್ಲರನ್ನೂ ಒಂದೇ ಪದದಿಂದ ಕರೆಯುತ್ತಾರೆ. ಕನ್ನಡದಲ್ಲಿ ಬಾಯಿ ತೆರೆದ ಕೂಡಲೇ ಯಾರು ಮೇಲು, ಯಾರು ಕೆಳಗು, ಯಾರು ಹತ್ತಿರ ಎಂಬುದನ್ನು ಹೇಳಲೇಬೇಕು. ಈಡಿತ್ ಗಂಡನಿಗೆ ಏನನ್ನುತ್ತಾಳೆ? ನನ್ನ ತಾಯಿಯ ತಲೆಮಾರಿನವರು ಗಂಡನ ಹೆಸರು ಹಿಡಿಯುತ್ತಿರಲಿಲ್ಲ, 'ರೀ' ಎನ್ನುತ್ತಿದ್ದರು. 'ರೀ, ನನ್ನ ಬಟ್ಟೆಯ ಬಿಲ್ಲು ಕಟ್ಟಿ' ಎಂದು ಬರೆದು ನೋಡಿದೆ. ಕ್ಷಣದಲ್ಲಿ ಈಡಿತ್ ನ್ಯೂಯಾರ್ಕಿನಿಂದ ಬಸವನಗುಡಿಗೆ ಬಂದುಬಿಟ್ಟಳು. ಅವಳ ಹಟಮಾರಿತನ, ಗಂಡನ ಎದುರು ನಿಂತು ವಾದಿಸುವ ರೀತಿ, ಎಲ್ಲವೂ ಆ ಒಂದಕ್ಷರದಲ್ಲಿ ಮೆತ್ತಗಾದವು. ಹಾಗಾಗಿ ಇಬ್ಬರ ನಡುವೆ 'ನೀನು' ಮತ್ತು ಬರೀ ಹೆಸರು ಇಟ್ಟೆ. ಪ್ರದರ್ಶನದಲ್ಲಿ ಮೊದಲ ಸಲ 'ರಿಚರ್ಡ್, ನೀನು' ಎಂದು ಬಂದಾಗ ಹಿಂದಿನ ಸಾಲಿನ ಹೆಂಗಸರು ನಕ್ಕರು. ಮೂರನೆಯ ಸಲಕ್ಕೆ ನಗು ನಿಂತಿತು.

ಈಡಿತ್ ಮತ್ತು ಅರಕಾವ್ ನಡುವಿನ ಮಾತು ಇದಕ್ಕಿಂತ ಕಷ್ಟದ್ದು. ಪರಸ್ಪರ ಗೌರವವಿರುವ ನೆರೆಹೊರೆಯವರಾಗಿ ಆರಂಭದಲ್ಲಿ ಇಬ್ಬರೂ 'ನೀವು' ಎನ್ನುವುದು ಸಹಜ. ಅವನು ಕಾರಿನಲ್ಲಿ ಅವಳನ್ನು ಸುತ್ತಾಡಿಸುತ್ತಾನೆ, ಅವಳ ವಲಯದ ಪಾರ್ಟಿಗಳಲ್ಲಿ ಬೇಕಾದವನು, ರೆಡ್ ಕ್ರಾಸ್ ಸಹಾಯಾರ್ಥದ ಕೂಟಕ್ಕೆ ತನ್ನ ಮನೆಯನ್ನೇ ಬಿಟ್ಟುಕೊಡುತ್ತಾನೆ. ಆ ಕೂಟದ ರಾತ್ರಿಯೇ ಅವಳಿಗೆ ಹಣ ಮುಳುಗಿದ ಸುದ್ದಿ ಬರುವುದು, ಅವನು ಕರಾರು ಮುಂದಿಡುವುದು. ಅವನ 'ನೀವು' ಎಲ್ಲಿ 'ನೀನು' ಆಗಬೇಕು? ಚೆಕ್ ಬರೆಯುವ ಮೊದಲೋ, ಬರೆದ ಮೇಲೋ, ಅಥವಾ ಅವಳು ಒಪ್ಪಿ ತಲೆಯಾಡಿಸಿದ ಮೇಲೋ? ಇಂಗ್ಲಿಷ್ ಕಾರ್ಡು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ನಾನು ಆ ದೃಶ್ಯವನ್ನು ಎಷ್ಟು ಬಾರಿ ಹಿಂದೆ ಮುಂದೆ ಓಡಿಸಿದೆನೋ ಲೆಕ್ಕವಿಲ್ಲ. ಹಯಕಾವನ ಮುಖದಲ್ಲಿ ಉತ್ತರ ಸಿಗಬಹುದೆಂದು ನೋಡಿದರೆ, ಅವನು ಆ ಕಾಲದ ಉಳಿದ ನಟರಂತೆ ಹುಬ್ಬು ಹಾರಿಸುವವನಲ್ಲ. ಎದುರಿಗೆ ಈಡಿತ್ ಪಾತ್ರದ ಫ್ಯಾನಿ ವಾರ್ಡ್ ರಂಗಭೂಮಿಯ ರೂಢಿಯಂತೆ ಕೈಯೆತ್ತಿ, ಎದೆ ಹಿಡಿದು, ಕಣ್ಣರಳಿಸಿ ಸಂಕಟಪಡುತ್ತಿದ್ದರೆ, ಇವನು ಕದಲದೆ ನಿಂತು ನೋಡುತ್ತಾನೆ. ಚಿತ್ರ 1916ರಲ್ಲಿ ಪ್ಯಾರಿಸ್ಸಿಗೆ ಹೋದಾಗ ಅಲ್ಲಿನ ಬರಹಗಾರರು ಮರುಳಾದದ್ದು ಈ ನಿಶ್ಚಲತೆಗೇ. ಕೊನೆಗೆ, ಚೆಕ್ಕಿನ ಮೇಲೆ ಸಹಿ ಬೀಳುವವರೆಗೂ 'ನೀವು', ಚೆಕ್ಕು ಅವಳ ಕೈಗೆ ಬಂದ ಮರುಕಾರ್ಡಿನಲ್ಲಿ 'ನಾಳೆ ನೀನು ಬರಬೇಕು' ಎಂದು ಮಾಡಿದೆ. ಅವಳು ಮಾತ್ರ ಕೊನೆಯವರೆಗೂ ಅವನಿಗೆ 'ನೀವು' ಎಂದೇ ಅನ್ನುತ್ತಾಳೆ, ಹಣ ಹಿಂದಿರುಗಿಸಲು ಬಂದ ರಾತ್ರಿಯಲ್ಲೂ.

ಇಷ್ಟು ಸೂಕ್ಷ್ಮವಾಗಿ ತೂಗಿದವನು ಕಥೆ ಹೇಳುವ ಕಾರ್ಡುಗಳಲ್ಲಿ ಎಡವಿದ್ದೆ. ಪೂರ್ವಪ್ರದರ್ಶನಕ್ಕೆ ಐದಾರು ಜನರನ್ನು ಕರೆದಿದ್ದೆವು. ಅವರಲ್ಲಿ ಒಬ್ಬರು ನ್ಯಾಯಾಲಯದ ನಿವೃತ್ತ ಶಿರಸ್ತೇದಾರರು. ನ್ಯಾಯಾಲಯದ ದೃಶ್ಯದ ಕನ್ನಡ ತಪ್ಪಾಗದಿರಲೆಂದು ಅವರನ್ನು ಬರಮಾಡಿಕೊಂಡಿದ್ದೆ. ಚಿತ್ರ ಮುಗಿದ ಮೇಲೆ ಅವರು ಕಾಫಿ ಕುಡಿಯುತ್ತಾ ಕೇಳಿದ್ದು ಬೇರೆಯದನ್ನೇ.

"ಮೇಷ್ಟ್ರೇ, ಗಂಡ ಬಂದಾಗ 'ಅವರು ಬಂದರು' ಅಂತೀರಿ. ಈತ ಬಂದಾಗ 'ಅವನು ಬಂದ' ಅಂತೀರಿ. ಇಬ್ಬರೂ ಕೋಟು ಹಾಕಿದವರೇ ಅಲ್ಲವೇ?"

ನಾನು ಈತ ಖಳನಲ್ಲವೇ ಎಂದೆ.

"ಅದು ಗೊತ್ತಾಗುವುದು ಅರ್ಧ ಚಿತ್ರ ಆದ ಮೇಲೆ. ನೀವು ಮೊದಲನೇ ಕಾರ್ಡಿನಲ್ಲೇ ತೀರ್ಪು ಕೊಟ್ಟಿದ್ದೀರಿ" ಎಂದರು.

ಮನೆಗೆ ಬಂದು ಕರಡನ್ನು ಬಿಚ್ಚಿ ನೋಡಿದರೆ ಅವರ ಮಾತು ಅಕ್ಷರಶಃ ನಿಜ. ರಿಚರ್ಡ್ ಹಾರ್ಡಿಗೆ ಎಲ್ಲ ಕಡೆ ಬಹುವಚನ, ಅರಕಾವ್‌ಗೆ ಎಲ್ಲ ಕಡೆ ಏಕವಚನ. ಹೀಗೆ ಬರೆಯಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ. ಕೈ ತಾನಾಗಿ ಬರೆದಿತ್ತು. 1915ರ ಚಿತ್ರ ಬಣ್ಣ ನೋಡಿ ಮನುಷ್ಯರನ್ನು ಅಳೆಯುತ್ತದೆ ಎಂದು ಪೀಠಿಕೆಯ ಮಾತಿನಲ್ಲಿ ದೂರಲು ಸಿದ್ಧನಾಗಿದ್ದ ನಾನೇ, ಇಂಗ್ಲಿಷಿನಲ್ಲಿ ಇಲ್ಲದ ಭೇದವೊಂದನ್ನು ಕನ್ನಡದಿಂದ ಅದಕ್ಕೆ ಸೇರಿಸಿಕೊಟ್ಟಿದ್ದೆ. ಸರ್ವನಾಮವನ್ನು ಬಿಟ್ಟರೆ ತಪ್ಪಿಸಿಕೊಳ್ಳಬಹುದೆಂದು ನೋಡಿದೆ. ಆದರೆ ನಮ್ಮ ಕ್ರಿಯಾಪದದ ಬಾಲದಲ್ಲೇ ಎಲ್ಲವೂ ಇರುತ್ತದೆ, 'ಬಂದ' ಎಂದರೂ ಆಯಿತು, 'ಬಂದರು' ಎಂದರೂ ಆಯಿತು. ಕೆಲವು ಕಡೆ ಕ್ರಿಯಾಪದವಿಲ್ಲದಂತೆ 'ಅರಕಾವ್ ಮನೆಯಲ್ಲಿ ಸಹಾಯಾರ್ಥ ಕೂಟ', 'ಮರುದಿನದ ಕರಾರು' ಎಂದು ಬರೆದೆ. ಉಳಿದ ಕಡೆ ಇಬ್ಬರಿಗೂ ಏಕವಚನ. ಗಂಡನನ್ನು ಕೆಳಗಿಳಿಸಿದೆನೇ ಹೊರತು ವ್ಯಾಪಾರಿಯನ್ನು ಮೇಲೇರಿಸಲಿಲ್ಲ. ಕಥೆ ಹೇಳುವ ಕನ್ನಡಕ್ಕೆ ಏಕವಚನವೇ ಹೆಚ್ಚು ಒಗ್ಗುತ್ತದೆ ಎಂಬುದು ಕಾರಣ.

ಶಿರಸ್ತೇದಾರರು ಕರೆಸಿದ ಕೆಲಸವನ್ನೂ ಮಾಡಿಕೊಟ್ಟರು. ತೀರ್ಪು ಬರುವವರೆಗೆ ರಿಚರ್ಡ್ 'ಆರೋಪಿ'ಯೇ ಹೊರತು 'ಅಪರಾಧಿ'ಯಲ್ಲ ಎಂದು ನಾಲ್ಕು ಕಡೆ ತಿದ್ದಿದರು. 'ಸಾಕ್ಷಿಯ ಪೆಟ್ಟಿಗೆ' ಎಂದು ಬರೆದದ್ದನ್ನು ಹೊಡೆದುಹಾಕಿ 'ಕಟಕಟೆ' ಎಂದರು. ಜ್ಯೂರಿಗೆ 'ಪಂಚರು' ಎಂದು ಬರೆದಿದ್ದೆ. ಪಂಚನಾಮೆಯ ಪಂಚರೇ ಬೇರೆ, ತೀರ್ಮಾನ ಹೇಳುವ ಜ್ಯೂರಿಯೇ ಬೇರೆ, ನಮ್ಮಲ್ಲಿಯೂ ನಾನಾವತಿ ಮೊಕದ್ದಮೆಯ ಕಾಲದವರೆಗೆ ಜ್ಯೂರಿ ಇದ್ದದ್ದು ಹಿರಿಯರಿಗೆ ಗೊತ್ತು, ಆ ಪದವನ್ನು ಹಾಗೆಯೇ ಬಿಡಿ ಎಂದರು. ಗುಂಡೇಟು, ಹೆಂಡತಿ, ಪರಪುರುಷ, ಜ್ಯೂರಿ ಎಲ್ಲ ಸೇರಿದ್ದರಿಂದ ಆ ಮೊಕದ್ದಮೆ ಅವರಿಗೆ ಚಿತ್ರದುದ್ದಕ್ಕೂ ನೆನಪಾಗುತ್ತಿತ್ತಂತೆ.

ಒಂದು ಪದಕ್ಕೆ ಮಾತ್ರ ಅವರಲ್ಲೂ ಉತ್ತರವಿರಲಿಲ್ಲ. ಅರಕಾವ್ ಕಾಯಿಸಿದ ಲೋಹದ ಮೊಹರಿನಿಂದ ತನ್ನ ದಂತದ ಬೊಂಬೆಗಳಿಗೆ ಗುರುತು ಹಾಕುವುದನ್ನು ಚಿತ್ರ ಆರಂಭದಲ್ಲೇ ತೋರಿಸುತ್ತದೆ. ಕತ್ತಲ ಕೋಣೆ, ಕೆಂಡದ ಬೆಳಕು ಕೆಳಗಿನಿಂದ ಮುಖಕ್ಕೆ ಹೊಡೆದಿದೆ, ಅವನು ಮೊಹರನ್ನು ಒತ್ತುತ್ತಾನೆ, ಅಗ್ಗಿಷ್ಟಿಕೆಯ ಮುಚ್ಚಳ ಹಾಕುತ್ತಾನೆ, ಬೆಳಕು ಆರುತ್ತದೆ. ಇದು ನನ್ನದು ಎಂಬುದರ ಗುರುತು ಎಂದು ಮುಂದೆ ಈಡಿತ್‌ಗೆ ವಿವರಿಸುತ್ತಾನೆ. ಬಳಿಕ ಅದೇ ಮೊಹರು ಅವಳ ಭುಜಕ್ಕೆ. ಈ ಕ್ರಿಯೆಗೆ ನಮ್ಮಲ್ಲಿ ಇರುವ ಗಟ್ಟಿ ಪದ 'ಬರೆ'. ಬರೆ ಹಾಕುವುದು, ಬರೆ ಎಳೆಯುವುದು ಎಂದರೆ ನೋವೂ ಅವಮಾನವೂ ಒಟ್ಟಿಗೆ ಬರುತ್ತವೆ. ಆದರೆ ದಂತದ ಬೊಂಬೆಗೆ ಯಾರೂ ಬರೆ ಹಾಕುವುದಿಲ್ಲ. ಅದಕ್ಕೆ 'ಮುದ್ರೆ'ಯೇ ಸರಿ. ಮುದ್ರೆ ಎಂದರೆ ನಮ್ಮ ಪ್ರೇಕ್ಷಕರಲ್ಲಿ ಹಲವರಿಗೆ ನೆನಪಾಗುವುದು ಪ್ರಥಮೈಕಾದಶಿಯ ದಿನ ಮಠದಲ್ಲಿ ಸರತಿಯಲ್ಲಿ ನಿಂತು ಶಂಖಚಕ್ರಗಳ ಬಿಸಿ ಮುದ್ರೆಯನ್ನು ತೋಳಿಗೆ ಹಾಕಿಸಿಕೊಂಡದ್ದು. ಅದು ದೇವರಿಗೆ ಸೇರಿದವನೆಂದು ತಾನಾಗಿ ಒಪ್ಪಿ ಪಡೆಯುವ ಗುರುತು. ಆ ಪದವನ್ನು ಇಲ್ಲಿ ತಂದರೆ ಯಾರ ಮನಸ್ಸಾದರೂ ನೊಂದೀತೇ ಎಂಬ ಅಳುಕಿತ್ತು. ಬೊಂಬೆಗೆ ಮುದ್ರೆ, ಹೆಂಗಸಿಗೆ ಬರೆ ಎಂದು ಎರಡು ಪದ ಬಳಸಿಯೂ ನೋಡಿದೆ. ಹಾಗೆ ಮಾಡಿದರೆ ಎರಡು ದೃಶ್ಯಗಳ ನಡುವಿನ ದಾರ ಕಡಿಯುತ್ತಿತ್ತು. ಬೊಂಬೆಗೆ ಮಾಡಿದ್ದನ್ನೇ ಅವಳಿಗೂ ಮಾಡಿದ ಎಂಬುದರಲ್ಲಿಯೇ ಆ ದೃಶ್ಯದ ಭೀಕರತೆ ಇರುವುದು. ಎರಡೂ ಕಡೆ 'ಮುದ್ರೆ' ಎಂದೇ ಉಳಿಸಿದೆ. ಪ್ರದರ್ಶನದ ದಿನ ಆಕ್ಷೇಪ ಬರಲಿಲ್ಲ. ಹಿರಿಯರೊಬ್ಬರು ತೋಳನ್ನು ಒಮ್ಮೆ ಮುಟ್ಟಿ ನೋಡಿಕೊಂಡದ್ದನ್ನು ಮಾತ್ರ ಕಂಡೆ.

ನನ್ನ ಮೊದಲ ಕರಡಿನಲ್ಲಿ ಇದ್ದು ಕೊನೆಯದರಲ್ಲಿ ಇಲ್ಲದ ಕಾರ್ಡುಗಳ ಬಗ್ಗೆಯೂ ಹೇಳಬೇಕು. ಮಾತಿಲ್ಲದೆ ತುಟಿಯಾಡುವುದನ್ನು ಕಂಡು, ಪ್ರೇಕ್ಷಕರಿಗೆ ಅರ್ಥವಾಗಲಿಕ್ಕಿಲ್ಲವೆಂಬ ಮೇಷ್ಟ್ರ ಬುದ್ಧಿಯಿಂದ, ಮೂಲದಲ್ಲಿಲ್ಲದ ಕೆಲವು ಕನ್ನಡ ಸಾಲುಗಳನ್ನು ಸೇರಿಸಿದ್ದೆ. ಮುದ್ರೆಯ ರಾತ್ರಿಯ ದೃಶ್ಯಕ್ಕೆ ಅಂಥವು ಮೂರಿದ್ದವು. ಆಮೇಲೆ ಆ ಭಾಗವನ್ನು ಸದ್ದೆಲ್ಲ ತೆಗೆದು, ಕೋಣೆಯ ದೀಪ ಆರಿಸಿ ನೋಡಿದೆ. ಅವನು ಅವಳ ಕೂದಲು ಹಿಡಿದು ಎಳೆದು ಮೊಹರು ಒತ್ತುತ್ತಾನೆ. ಅವಳು ಬಿದ್ದಲ್ಲೇ ತಡಕಾಡಿ ಪಿಸ್ತೂಲು ಹಿಡಿಯುತ್ತಾಳೆ, ಹಾರಿಸುತ್ತಾಳೆ, ಓಡುತ್ತಾಳೆ. ಹೊರಗೆ ಬಂದ ಗಂಡನಿಗೆ ಕಾಣುವುದು ಕಾಗದದ ಬಾಗಿಲಿನ ಮೇಲೆ ಕುಸಿಯುವ ಒಂದು ನೆರಳು, ಆ ಬಿಳಿಯ ಕಾಗದದಲ್ಲಿ ಇಳಿಯುವ ರಕ್ತದ ಗೆರೆ. ಬಾಗಿಲನ್ನು ಹರಿದು ಒಳನುಗ್ಗುತ್ತಾನೆ. ಇಲ್ಲಿ 'ಅಯ್ಯೋ, ಏನಾಯಿತು?' ಎಂದು ಬರೆಯಲು ಹೊರಟಿದ್ದವನು ನಾನು.

ಆ ಬೆಳಕಿನ ಹಿಂದೆ ಎಂಥ ಕೈಗಳಿದ್ದವು ಎಂದು ಗೊತ್ತಾದ ಮೇಲೆ ನಾಚಿಕೆ ಇನ್ನೂ ಹೆಚ್ಚಿತು. ಛಾಯಾಗ್ರಾಹಕ ಆಲ್ವಿನ್ ವೈಕಾಫ್; ಕಲಾ ನಿರ್ದೇಶಕ ವಿಲ್ಫ್ರೆಡ್ ಬಕ್ಲಂಡ್, ನ್ಯೂಯಾರ್ಕಿನ ರಂಗಭೂಮಿಯಲ್ಲಿ ಡೇವಿಡ್ ಬೆಲಾಸ್ಕೋ ಬಳಿ ಪಳಗಿದವನು. ಅಲ್ಲಿಯವರೆಗೆ ಹಾಲಿವುಡ್‌ನಲ್ಲಿ ಬಯಲು ವೇದಿಕೆಯ ಮೇಲೆ ತೆಳ್ಳನೆಯ ಬಟ್ಟೆ ಕಟ್ಟಿ, ಬಿಸಿಲನ್ನು ಸೋಸಿ, ಎಲ್ಲವೂ ಸಮನಾಗಿ ಬೆಳಗುವಂತೆ ಚಿತ್ರಿಸುವುದು ರೂಢಿ. ಇವರು ಒಂದೇ ಕಡೆಯಿಂದ ಪ್ರಖರ ದೀಪ ಹಾಯಿಸಿ, ಅರ್ಧ ಮುಖವನ್ನು ಕತ್ತಲಿಗೆ ಬಿಟ್ಟರು. ಅರ್ಧ ಮುಖ ತೋರಿಸಿದರೆ ಅರ್ಧ ದುಡ್ಡೇ ಸಿಗುತ್ತದೆಂದು ಮಾರಾಟದವರು ಗೊಣಗಿದಾಗ, ಇದು ಹೆಸರಾಂತ ಡಚ್ ಚಿತ್ರಕಲಾವಿದ ರೆಂಬ್ರಾಂಟನ ಬೆಳಕು ಎಂದು ಹೇಳಿ ಅವರ ಬಾಯಿ ಮುಚ್ಚಿಸಿದ ಕಥೆಯನ್ನು ಡಿಮಿಲ್ ತನ್ನ ಇನ್ನೊಂದು ಚಿತ್ರದ ಸಂದರ್ಭದಲ್ಲಿ ಹೇಳಿಕೊಂಡಿದ್ದಾನೆ. ತಮಾಷೆಯೆಂದರೆ ಆತ ಈ ಚಿತ್ರದ ಜೊತೆಜೊತೆಗೆ 'ದಿ ಗೋಲ್ಡನ್ ಚಾನ್ಸ್' ಎಂಬ ಇನ್ನೊಂದನ್ನೂ, ಹಗಲು ಒಂದು ರಾತ್ರಿ ಒಂದು ಎಂಬಂತೆ, ಚಿತ್ರಿಸುತ್ತಿದ್ದ. ನಿದ್ದೆಗೆಟ್ಟು ಮಾಡಿದ ಕೆಲಸವೆಂದು ಎಲ್ಲಿಯೂ ಅನ್ನಿಸುವುದಿಲ್ಲ. ಜೈಲಿನಲ್ಲಿ ಕುಳಿತ ರಿಚರ್ಡ್‌ನ ಮೇಲೆ ಸರಳುಗಳ ನೆರಳು ಬೀಳುವ ಚೌಕಟ್ಟನ್ನು ನಾನು ಮುದ್ರಿಸಿ ಮೇಜಿನ ಮುಂದೆ ಅಂಟಿಸಿಕೊಂಡಿದ್ದೇನೆ. ಸೇರಿಸಿದ್ದ ಸಾಲುಗಳನ್ನೆಲ್ಲ ತೆಗೆದೆ. ಮೂಲದಲ್ಲಿ ಇದ್ದ ಕಾರ್ಡುಗಳಲ್ಲೂ ಉದ್ದವಿದ್ದವನ್ನು ಅರ್ಧಕ್ಕೆ ಇಳಿಸಿದೆ.

ಸಂಗೀತದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಒಂದು ಪಿಟೀಲು, ಒಂದು ಮೃದಂಗ. ಮುದ್ರೆಯ ದೃಶ್ಯಕ್ಕೆ ಎರಡೂ ನಿಲ್ಲಬೇಕೆಂಬುದು ನನ್ನ ಒಂದೇ ಷರತ್ತು.

ಪ್ರದರ್ಶನದ ದಿನ ಶಾಲೆಯ ಸಭಾಂಗಣ ತುಂಬಿತ್ತು. ಹೊರಗಿನ ಬೋರ್ಡಿನ ಮೇಲೆ 'ದಿ ಚೀಟ್' ಎಂದಷ್ಟೇ ಬರೆದಿದ್ದರಿಂದ ಕೆಲವರು ಚೀಟಿ ವ್ಯವಹಾರದ ಬಗ್ಗೆ ತಿಳಿವಳಿಕೆ ಕೊಡುವ ಚಿತ್ರವೆಂದು ಬಂದಿದ್ದರು, ಒಂದು ರೀತಿಯಲ್ಲಿ ಅವರು ತಪ್ಪಿರಲಿಲ್ಲ. ಈಡಿತ್ ರೆಡ್ ಕ್ರಾಸ್ ಹಣವನ್ನು ತೆಗೆದುಕೊಡುವ ಕ್ಷಣದಲ್ಲಿ, ಸ್ತ್ರೀಶಕ್ತಿ ಸಂಘದ ಲೆಕ್ಕ ನೋಡುವ ಮಹಿಳೆಯೊಬ್ಬರು ಪರದೆಗೇ ಕೇಳುವಂತೆ, "ಸಂಘದ ದುಡ್ಡು ಮುಟ್ಟಬಾರದು ಕಣಮ್ಮಾ" ಎಂದರು. ನಾನು 'ಖಜಾಂಚಿ' ಎಂಬ ಪದ ಸಾಕೋ ಬೇಡವೋ ಎಂದು ಒಂದು ವಾರ ಯೋಚಿಸಿದ್ದೆ. ಸಾಕಾಗಿತ್ತು.

ನ್ಯಾಯಾಲಯದಲ್ಲಿ ಜ್ಯೂರಿ ರಿಚರ್ಡ್‌ನನ್ನು ದೋಷಿ ಎನ್ನುತ್ತದೆ; ಈಡಿತ್ ಮುನ್ನುಗ್ಗಿ ತಾನೇ ಗುಂಡು ಹಾರಿಸಿದ್ದೆಂದು ಹೇಳಿ ಭುಜದ ಮೇಲಿನ ಬಟ್ಟೆ ಸರಿಸಿ ಮುದ್ರೆ ತೋರಿಸುತ್ತಾಳೆ; ಕುಳಿತಿದ್ದ ಜನರೆಲ್ಲ ಎದ್ದು ಅರಕಾವ್ ಮೇಲೆ ಬೀಳುತ್ತಾರೆ. ನಮ್ಮ ಸಭಾಂಗಣದಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಬರುತ್ತದೆಂದು ನನಗೆ ಹೆದರಿಕೆಯಿತ್ತು. ಪೀಠಿಕೆಯಲ್ಲಿ ಹೇಳಿದ ತೋರಿಯ ಕಥೆ ಅದನ್ನು ತಡೆಯುವುದೆಂಬ ಆಸೆಯೂ ಇತ್ತು. ಆದರೆ ಗುಂಪು ಅವನನ್ನು ಎಳೆದಾಡುವ ದೃಶ್ಯ ಮುಂದುವರಿದಂತೆ ಚಪ್ಪಾಳೆ ತಾನಾಗಿ ಸಣ್ಣದಾಯಿತು. ಚರ್ಚೆಯ ಹೊತ್ತಿಗೆ ಕಾಲೇಜಿನ ಹುಡುಗಿಯೊಬ್ಬಳು, ಅವನು ಮಾಡಿದ್ದು ಘೋರ, ಆದರೆ ಅವನ ಕಣ್ಣಿಗೆ ಅವಳೂ ಮಾತಿಗೆ ತಪ್ಪಿದವಳೇ ಅಲ್ಲವೇ, ಹಾಗಾದರೆ ಹೆಸರಿನಲ್ಲಿರುವ ಮೋಸಗಾರರು ಯಾರು ಎಂದು ಕೇಳಿದಳು.

ಆ ಪ್ರಶ್ನೆಗೆ ನನ್ನ ಬಳಿ ಕನ್ನಡವಿಲ್ಲ. 'ವಂಚಕ' ಎಂದರೆ ಅವನು, 'ವಂಚಕಿ' ಎಂದರೆ ಅವಳು, ಇಂಗ್ಲಿಷಿನ ಪದ ಯಾರ ಕಡೆಗೂ ಬೆರಳು ತೋರಿಸದೆ ಇಬ್ಬರಿಗೂ ಅನ್ವಯಿಸುತ್ತದೆ. ಫ್ರೆಂಚರು ಇದನ್ನು 'ಫೋರ್ಫೆಟ್ಯೂರ್' ಎಂದು ಕರೆದು, ಅದೇ ಹೆಸರಿನಲ್ಲಿ 1921ರಲ್ಲಿ ಗೀತನಾಟಕವನ್ನೂ, 1937ರಲ್ಲಿ ಮತ್ತೆ ಹಯಕಾವನನ್ನೇ ಹಾಕಿಕೊಂಡು ಚಿತ್ರವನ್ನೂ ಮಾಡಿದರು. ಅದು ವ್ಯಕ್ತಿಯ ಹೆಸರಲ್ಲ, ಕೃತ್ಯದ ಹೆಸರು. ಅದೇ ದಾರಿ ಹಿಡಿದು ನಾನು 'ವಂಚನೆ' ಎಂದು ಬರೆದು, ಮೇಲೆ ಸಣ್ಣ ಅಕ್ಷರದಲ್ಲಿ 'ದಿ ಚೀಟ್' ಉಳಿಸಿದ್ದೇನೆ. ತೃಪ್ತಿಯಿಲ್ಲ.

ಮುಂದಿನ ತಿಂಗಳು ಪಕ್ಕದ ತಾಲ್ಲೂಕಿನವರು ಚಿತ್ರ ಕೇಳಿದ್ದಾರೆ. ಕಳುಹಿಸುವ ಮುನ್ನ ಒಂದೇ ಒಂದು ತಿದ್ದುಪಡಿ ಮಾಡುತ್ತಿದ್ದೇನೆ: ಚೆಕ್ಕು ಕೈಗೆ ಬಂದ ಕಾರ್ಡಿನಲ್ಲಿದ್ದ ಅವನ ಮೊದಲ 'ನೀನು'ವನ್ನು ಅಲ್ಲಿಂದ ತೆಗೆದು, ಅವಳು ಹಣ ಹಿಂದಿರುಗಿಸಲು ಬರುವ ರಾತ್ರಿಯ ಕಾರ್ಡಿಗೆ ಸಾಗಿಸುತ್ತಿದ್ದೇನೆ. ಅಲ್ಲಿಯವರೆಗೂ ಅವನು 'ನಾಳೆ ನೀವು ಬರಬೇಕು' ಎಂದೇ, ಅದೇ ಕದಲದ ಮುಖದಲ್ಲಿ ಹೇಳಲಿ.